ಎಳವೆಯಲ್ಲೇ ಮುಪ್ಪು

ಪ್ರಶ್ನೆ: ವಿಶ್ವ ಇನ್ನೂ ಎಳೆಯದಾಗಿದ್ದಾಗಲೇ ಕೆಲವು ದೊಡ್ಡ ಗ್ಯಾಲಕ್ಸಿಗಳಲ್ಲಿ ನಕ್ಷತ್ರ ಹುಟ್ಟುವುದು ನಿಂತಿತ್ತಂತೆ. ಗ್ಯಾಸ್ ಖಾಲಿಯಾಯಿತೇ ಸಾರ್?

ಉತ್ತರ: ಖಾಲಿಯಾಗಿದ್ದಕ್ಕಿಂತ ಹೊರಗೆ ಓಡಿಸಿದ್ದೇ ಜಾಸ್ತಿ ಅಂತ ನನ್ನ ಅನಿಸಿಕೆ. ಜಿಎಸ್-9209 ಎಂಬ ಗ್ಯಾಲಕ್ಸಿಯನ್ನೇ ನೋಡಿ. ಬಿಗ್ ಬ್ಯಾಂಗ್ ಆಗಿ ಸುಮಾರು 125 ಕೋಟಿ ವರ್ಷಕ್ಕೆ ಅದು ಹೇಗಿತ್ತೋ, ಜೇಮ್ಸ್ ವೆಬ್ ದೂರದರ್ಶಕಕ್ಕೆ ಹಾಗೇ ಕಂಡಿತು. ನಕ್ಷತ್ರಗಳು ಹೆಚ್ಚುಕಡಿಮೆ ನಮ್ಮ ಕ್ಷೀರಪಥದಷ್ಟು, ಗಾತ್ರ ಮಾತ್ರ ಹತ್ತರಲ್ಲೊಂದು ಪಾಲು! ಅವು ಹುಟ್ಟಿದ್ದು ಸುಮಾರು 20 ಕೋಟಿ ವರ್ಷದೊಳಗೆ. ಅಷ್ಟು ಅವಸರ ಯಾಕೋ! ಆಮೇಲೆ ಸುಮ್ನೆ ಕೂತುಬಿಟ್ಟಿದೆ.

ಅದರ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿದಾಗ ಹೈಡ್ರೋಜನ್ ಅನಿಲದ ಗುರುತಾದ ಗೆರೆ ಅಗಲವಾಗಿ ಹರಡಿತ್ತು. ಅಂದರೆ ನಡುವಿನಲ್ಲಿ ಅನಿಲ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿದೆ. ಅಷ್ಟು ವೇಗಕ್ಕೆ ಕಾರಣ ಅಲ್ಲಿರುವ ದೈತ್ಯ ಬ್ಲ್ಯಾಕ್ ಹೋಲ್‌ನ ಸೆಳೆತ. ಅದರೊಳಗೆ ಬೀಳುವ ಅನಿಲದ ಕಾವಿಗೆ ಸುತ್ತಲಿನ ಗ್ಯಾಸ್ ಬಿಸಿಯಾಗುತ್ತದೆ, ಚದುರುತ್ತದೆ. ತಣ್ಣಗಾಗದ ಗ್ಯಾಸ್ ಕುಗ್ಗಿ ನಕ್ಷತ್ರವಾಗುವುದಾದರೂ ಹೇಗೆ, ಅಲ್ವಾ?