ಸಾಫ್ಟ್‌ವೇರ್ ಆಮೇಲೆ ಕೊಳ್ಳಿ, ಮೊದಲು ಯಾವುದು ಯಾರದು ಅಂತ ಬರೆದಿಡಿ

ಹೊರಗಿನ ಕಂಪನಿಗಳ ಜೊತೆ ಸೇರಿ ಹೊಸ ಉತ್ಪನ್ನ ಮಾಡುತ್ತಿದ್ದೀರಿ, ಪಾಲುದಾರರನ್ನು ಇನ್ನೂ ಹೆಚ್ಚಿಸಬೇಕು, ಎಲ್ಲರನ್ನೂ ನಿಭಾಯಿಸಲು ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತ ಕೇಳಿದ್ದೀರಿ. ನಾನೂ ಇದನ್ನೇ ಕೇಳಿಕೊಂಡು ಓಡಾಡಿದವನು. ಕೊಂಡೂ ಆಯಿತು. ಚೆನ್ನಾಗಿಯೇ ಇತ್ತು. ನಾವು ಮುಗ್ಗರಿಸಿದ್ದು ಬೇರೆ ಕಡೆ.

ನಮ್ಮದು ಪಂಪ್ ತಯಾರಿಸುವ ಕಂಪನಿ. ಪಂಪ್ ಕೆಡುವ ಮೊದಲೇ ಎಚ್ಚರಿಸುವ ವ್ಯವಸ್ಥೆ ಬೇಕಿತ್ತು. ಸೆನ್ಸರ್ ಒಬ್ಬರದು, ಅದರ ಡೇಟಾ ಓದುವ ಕೋಡ್ ಇನ್ನೊಬ್ಬರದು. ಎಲ್ಲರಿಂದಲೂ ಎನ್‌ಡಿಎಗೆ, ಅಂದರೆ ಗುಟ್ಟು ಕಾಯುವ ಒಪ್ಪಂದಕ್ಕೆ, ಸಹಿ ಹಾಕಿಸಿದೆವು. ಅಷ್ಟು ಸಾಕು ಅಂದವನು ನಾನೇ. ಸಾಲದು ರೀ! ಗುಟ್ಟು ಹೊರಗೆ ಬಿಡಬೇಡಿ ಅಂತ ಮಾತ್ರ ಎನ್‌ಡಿಎ ಹೇಳುತ್ತದೆ. ಯಾವುದು ಯಾರದು ಅಂತ ಹೇಳುವುದಿಲ್ಲ. ಕೆಲಸ ಶುರುವಾದ ದಿನ ಯಾರ ಕೈಲಿ ಏನಿತ್ತು, ಅದನ್ನು ಉಳಿದವರು ಯಾವುದಕ್ಕೆ, ಎಲ್ಲಿಯವರೆಗೆ ಬಳಸಬಹುದು ಅನ್ನುವ ಪಟ್ಟಿಯೇ ಬೇರೆ ಬೇಕು. ಹಾಗೆ ಮೊದಲೇ ಕೈಲಿದ್ದದ್ದನ್ನು ವಕೀಲರು ಬ್ಯಾಕ್‌ಗ್ರೌಂಡ್ ಐಪಿ (ಹಿಂದಿನಿಂದ ಇರುವ ಬೌದ್ಧಿಕ ಆಸ್ತಿ) ಅನ್ನುತ್ತಾರೆ. ನಾವು ಆ ಪಟ್ಟಿ ಬರೆದಿರಲಿಲ್ಲ. ಎಂಜಿನಿಯರುಗಳು ಒಟ್ಟಿಗೆ ಕೂತು ಕೋಡ್ ತಿದ್ದುತ್ತಾ ಹೋದರು. ಹಳೆಯದು ಎಲ್ಲಿ ಮುಗಿದು ಹೊಸದು ಎಲ್ಲಿ ಶುರುವಾಯಿತೋ ಯಾರಿಗೂ ಗೊತ್ತಿಲ್ಲ. ಪ್ರಯೋಗಕ್ಕಿಟ್ಟ ಪಂಪುಗಳು ಚೆನ್ನಾಗಿ ಓಡಿದವು. ಆಗ ಕೋಡ್ ಬರೆದವರು ಬಂದು, ಇದರ ತಿರುಳೆಲ್ಲ ನಮ್ಮ ಹಳೆಯದು, ಮಾರುವ ಪ್ರತಿ ಪಂಪಿಗೂ ದುಡ್ಡು ಕೊಡಿ ಅಂದರು. ಅವರು ಸುಳ್ಳು ಹೇಳಲಿಲ್ಲ. ನಾವೂ ಹೇಳಲಿಲ್ಲ. ತೋರಿಸಲು ಒಂದು ಹಾಳೆ ಇರಲಿಲ್ಲ, ಅಷ್ಟೇ. ನಾವು ಜಗ್ಗಾಡುವಷ್ಟರಲ್ಲಿ ಪ್ರತಿಸ್ಪರ್ಧಿ ಮಾರುಕಟ್ಟೆಗೆ ಬಂದಾಗಿತ್ತು.

ಪೇಟೆಂಟ್ ಇಬ್ಬರ ಹೆಸರಲ್ಲೂ ಇರಲಿ ಬಿಡಿ ಅಂತ ಯಾರಾದರೂ ಸಮಾಧಾನ ಹೇಳಿದರೆ ಸುಮ್ನೆ ತಲೆಯಾಡಿಸಬೇಡಿ. ಬೇರೆ ಒಪ್ಪಂದ ಇಲ್ಲದಿದ್ದರೆ, ಅಮೆರಿಕದಲ್ಲಿ ಜಂಟಿ ಮಾಲೀಕ ಇನ್ನೊಬ್ಬರನ್ನು ಕೇಳದೆಯೇ ಲೈಸೆನ್ಸ್ ಕೊಡಬಹುದು, ಬಂದ ಹಣದಲ್ಲಿ ಪಾಲೂ ಕೊಡಬೇಕಿಲ್ಲ. ಭಾರತದ ಪೇಟೆಂಟ್ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ಇನ್ನೊಬ್ಬರ ಒಪ್ಪಿಗೆ ಬೇಕು. ಎರಡೂ ತಲೆನೋವೇ.

ಇನ್ನು, ಪಾಲುದಾರರು ಜಾಸ್ತಿ ಯಾಕೆ ಬೇಕು? ಕೆಲವರೇ ಇರಲಿ, ನಂಟು ಗಟ್ಟಿಯಾಗಿರಲಿ. ಚಿಪ್ ಮಾಡುವ ಯಂತ್ರಗಳ ಎಎಸ್‌ಎಂಎಲ್ ಕಂಪನಿ, ಕನ್ನಡಿ ಮತ್ತು ಮಸೂರಗಳಿಗೆ ಜರ್ಮನಿಯ ಜೈಸ್ ಕಂಪನಿಯನ್ನು ನೆಚ್ಚಿಕೊಂಡಿದೆ. 2016ರಲ್ಲಿ ಜೈಸ್‌ನ ಆ ವಿಭಾಗದ 24.9% ಪಾಲನ್ನು 100 ಕೋಟಿ ಯೂರೊ ಕೊಟ್ಟು ಕೊಳ್ಳುವುದಾಗಿ ಪ್ರಕಟಿಸಿತು. ನೆಂಟಸ್ತನ ಅಂದರೆ ಹೀಗಿರಬೇಕು ಅಲ್ವಾ?

ಕೆಲಸ ಒಂದು ವಾರ ನಿಂತರೂ ಪರವಾಗಿಲ್ಲ, ಆ ಪಟ್ಟಿ ಬರೆದು, ದಿನಾಂಕ ಹಾಕಿ, ಎಲ್ಲರಿಂದ ಸಹಿ ಮಾಡಿಸಿ. ನಿಮ್ಮ ಕಂಪನಿಯೊಳಗೆ ಯಾವ ಪಾಲುದಾರನಿಗೆ ಹೊಣೆ ಹೊರುವ ಒಬ್ಬ ಮನುಷ್ಯನೂ ಇಲ್ಲವೋ ಅಂಥವರನ್ನು ಕೈಬಿಡಿ. ಉಳಿದವರನ್ನು ನಿಭಾಯಿಸಲು ಒಂದು ಎಕ್ಸೆಲ್ ಶೀಟ್ ಧಾರಾಳವಾಯಿತು.