ಗದಗದಿಂದ ಹೋಗಿಬರಲು ಗದ್ದಲ ಇಲ್ಲದ, ಅಲೆ ಜೋರಿರುವ, ಬಂಡೆ ಹೊಂಡಗಳಿರುವ ಬೀಚ್ ಯಾವುದು?

ಗೋಕರ್ಣದ ಜನಜಂಗುಳಿ ಬೇಡ, ಅಲೆ ಜೋರಾಗಿರಬೇಕು, ಬಂಡೆಗಳ ನಡುವೆ ನೀರು ನಿಂತ ಹೊಂಡಗಳಿರಬೇಕು, ಜೊತೆಗೆ ಇಬ್ಬರು ಸಣ್ಣ ಮಕ್ಕಳಿದ್ದಾರೆ, ಸಾಧ್ಯವಾದರೆ ಸರ್ಫಿಂಗ್ ಕೂಡ ನೋಡೋಣ ಅಂತ ಕೇಳಿದ್ದೀರಿ. ನಾನು ಹುಬ್ಬಳ್ಳಿಯವನು, ಆ ದಾರಿ ನನಗೆ ಚೆನ್ನಾಗಿ ಗೊತ್ತು. ಕುಮಟಾಕ್ಕೆ ಹೋಗಿ. ಮೊದಲು ವನ್ನಳ್ಳಿ ನೋಡಿ. ಅಲ್ಲಿ ಜನ ಜಾಸ್ತಿ ಅನಿಸಿದರೆ ಇನ್ನೂ ಸ್ವಲ್ಪ ಉತ್ತರಕ್ಕೆ ಕಡ್ಲೆ ಇದೆ. ಸರ್ಫಿಂಗ್ ಮಾತ್ರ ಅಲ್ಲಿ ಬೇಡ. ಯಾಕೆ ಅಂತ ಕೆಳಗೆ ಬರೆದಿದ್ದೇನೆ.

ಬೀಚ್ ಆರಿಸುವ ಮೊದಲು ಇಳಿತದ, ಅಂದರೆ ಸಮುದ್ರದ ನೀರು ಹಿಂದೆ ಸರಿಯುವ, ಹೊತ್ತು ನೋಡಿಕೊಳ್ಳಿ. ಇದನ್ನು ಯಾರೂ ಹೇಳುವುದಿಲ್ಲ, ಬರೀ ಬೀಚಿನ ಹೆಸರು ಹೇಳಿ ಸುಮ್ಮನಾಗುತ್ತಾರೆ. ನಾವು ಬಯಲುಸೀಮೆಯವರು ಉಣಕಲ್ ಕೆರೆ ನೋಡಿ ಬೆಳೆದವರು. ಬೆಳಿಗ್ಗೆ ಎಲ್ಲಿತ್ತೋ ಸಂಜೆಯೂ ನೀರು ಅಲ್ಲೇ ಇರುತ್ತದೆ ಅಂದುಕೊಂಡಿರುತ್ತೇವೆ. ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಇಳಿತದಿಂದ ಮುಂದಿನ ಇಳಿತಕ್ಕೆ ಸುಮಾರು ಹನ್ನೆರಡೂವರೆ ಗಂಟೆ. ಹಾಗಾಗಿ ಈ ಹೊತ್ತು ದಿನದಿಂದ ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಬೆಳಿಗ್ಗೆ ಏಳಕ್ಕೆ ನೀರು ಪೂರ್ತಿ ಇಳಿದಿದ್ದರೆ ನಾಳೆ ಎಂಟರ ಹತ್ತಿರ.

ಬಂಡೆ ಹೊಂಡಗಳು ಕಾಣುವುದು ನೀರು ಇಳಿದಾಗ ಮಾತ್ರ. ಭರತದ, ಅಂದರೆ ನೀರು ಏರಿದ, ಹೊತ್ತಿಗೆ ಹೋದರೆ ಅದೇ ಜಾಗದಲ್ಲಿ ಬಂಡೆಗೆ ಅಲೆ ಬಡಿಯುವುದಷ್ಟೇ ಕಾಣುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಏರಿ ಜಾಸ್ತಿ ಇಳಿಯುತ್ತದೆ. ಅಷ್ಟಮಿಯ ಸುತ್ತ ಏರಿಳಿತ ಕಡಿಮೆ. ನಮ್ಮ ಕರಾವಳಿಯಲ್ಲಿ ಈ ವ್ಯತ್ಯಾಸ ಹೆಚ್ಚೆಂದರೆ ಎರಡು ಮೀಟರ್ ಆಸುಪಾಸು, ಗುಜರಾತಿನ ಖಂಬಾತದ ಹಾಗೆ ಮೈಲಿಗಟ್ಟಲೆ ನೀರು ಹಿಂದೆ ಸರಿಯುವುದಿಲ್ಲ. ಆದರೂ ಬಂಡೆ ಇರುವ ಕಡೆ ಅಷ್ಟು ಸಾಕು. ಹೋಗುವ ಮುಂಚೆ ಮೊಬೈಲಿನಲ್ಲಿ ಕಾರವಾರದ ಟೈಡ್ ಟೇಬಲ್ (ಏರಿಳಿತದ ಸಮಯಪಟ್ಟಿ) ನೋಡಿ, ಕುಮಟಾಕ್ಕೂ ಹೆಚ್ಚುಕಡಿಮೆ ಅದೇ ಸಮಯ. ಕ್ಯಾಲೆಂಡರ್ ತೆಗೆದು ಅಮಾವಾಸ್ಯೆ ಹುಡುಕಿ ಪ್ರವಾಸದ ದಿನ ಗೊತ್ತು ಮಾಡಿದರೆ ಮನೆಯಲ್ಲಿ ಹಿರಿಯರು ಹುಬ್ಬೇರಿಸಬಹುದು, ಅದು ನಿಮಗೆ ಬಿಟ್ಟಿದ್ದು.

ಪೂರ್ತಿ ಇಳಿಯುವ ಹೊತ್ತಿಗಿಂತ ಒಂದೂವರೆ ಗಂಟೆ ಮೊದಲೇ ಅಲ್ಲಿರಿ. ನೀರು ಹಿಂದೆ ಸರಿಯುತ್ತಿರುವಾಗ ನೀವು ಅದರ ಹಿಂದೆ ನಿಧಾನ ನಡೆಯಬೇಕು. ಇಳಿತ ಮುಗಿದು ನೀರು ತಿರುಗಿತು ಅಂದರೆ ಮಕ್ಕಳನ್ನು ಕರೆದುಕೊಂಡು ವಾಪಸ್ ಬನ್ನಿ. ತಿರುಗಿದ ನೀರು ಎದುರಿನಿಂದಲೇ ಬರಬೇಕು ಅಂತೇನಿಲ್ಲ. ಬಂಡೆಗಳ ನಡುವಿನ ತಗ್ಗಿನಲ್ಲಿ ಹಿಂದಿನಿಂದ ತುಂಬಿಕೊಳ್ಳುತ್ತದೆ.

ಇನ್ನು ಹೊಂಡದಲ್ಲಿ ಏನಿರುತ್ತದೆ ಅಂತ. ಮೊದಲ ನೋಟಕ್ಕೆ ಏನೂ ಇರುವುದಿಲ್ಲ. ಮಕ್ಕಳು 'ಬರೀ ನೀರು' ಅಂದುಬಿಡುತ್ತಾರೆ. ಅವರನ್ನು ಹೊಂಡದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂರಿಸಿ. ನೆರಳು ನೀರಿನ ಮೇಲೆ ಬೀಳಬಾರದು. ಸ್ವಲ್ಪ ಹೊತ್ತು ಸುಮ್ನೆ ನೋಡಲಿ. ಮೊದಲು ಒಂದು ಸಣ್ಣ ಶಂಖ ಅಲುಗಾಡುತ್ತದೆ. ಶಂಖದ ಹುಳು ಇಷ್ಟು ಬೇಗ ಓಡುವುದಿಲ್ಲವಲ್ಲ ಅಂತ ಬಗ್ಗಿ ನೋಡಿದರೆ ಅಡಿಯಲ್ಲಿ ಏಡಿಯ ಕಾಲು. ಖಾಲಿ ಶಂಖ ಸಿಕ್ಕರೆ ಅದರೊಳಗೆ ಸೇರಿಕೊಂಡು, ಮೈ ಬೆಳೆದ ಹಾಗೆ ದೊಡ್ಡ ಶಂಖ ಹುಡುಕಿ ಮನೆ ಬದಲಿಸುವ ಏಡಿ ಇದು. ಇದರ ಹೊಟ್ಟೆಯ ಭಾಗ ಮೆತ್ತಗೆ, ಚಿಪ್ಪಿಲ್ಲದೆ ಬದುಕುವುದು ಕಷ್ಟ. ಆಮೇಲೆ ಕಲ್ಲಿನ ಬಣ್ಣದ್ದೇ ಒಂದು ಬೆರಳುದ್ದದ ಮೀನು ಚಿಮ್ಮಿ ಇನ್ನೊಂದು ಸಂದಿಗೆ ಸೇರುತ್ತದೆ. ಅದು ಅಷ್ಟು ಹೊತ್ತೂ ಕಣ್ಣೆದುರಿಗೇ ಇತ್ತು! ಬಂಡೆಯ ಪಕ್ಕಕ್ಕೆ ಕೆಂಪಗೆ, ಕಂದಾಗಿ ಲೋಳೆಯ ಮುದ್ದೆಯಂಥದ್ದು ಅಂಟಿಕೊಂಡಿದ್ದರೆ ಅದು ಅನಿಮೋನ್ ಎಂಬ ಸಮುದ್ರಜೀವಿ. ನೀರಿನೊಳಗಿದ್ದರೆ ಎಳೆಗಳನ್ನು ಬಿಚ್ಚಿಕೊಂಡಿರುತ್ತದೆ, ನೀರು ಬಿಟ್ಟರೆ ಮುದುಡಿಕೊಳ್ಳುತ್ತದೆ. ಆ ಎಳೆಗಳಿಂದಲೇ ಬೇಟೆಗೆ ಚುಚ್ಚುತ್ತದೆ, ಹಾಗಾಗಿ ಬೆರಳು ಹಾಕಬಾರದು.

ಈ ಜೀವಿಗಳ ಪಾಡು ಯೋಚನೆ ಮಾಡಿ. ಮಧ್ಯಾಹ್ನದ ಬಿಸಿಲಿಗೆ ಹೊಂಡದ ನೀರು ಕಾಯುತ್ತದೆ, ಆವಿಯಾಗಿ ಉಪ್ಪು ಜಾಸ್ತಿಯಾಗುತ್ತದೆ. ಮಳೆ ಬಿದ್ದರೆ ಉಪ್ಪು ಒಮ್ಮೆಲೆ ಕಡಿಮೆ. ಆರು ಗಂಟೆಯಲ್ಲಿ ಮತ್ತೆ ಸಮುದ್ರ ಬಂದು ಬಡಿಯುತ್ತದೆ. ಇಷ್ಟೆಲ್ಲ ತಡೆದುಕೊಳ್ಳುವಂಥವು ಮಾತ್ರ ಅಲ್ಲಿ ಬದುಕಿವೆ. ನಾವು ಮಾಡಬಹುದಾದ ಉಪಕಾರ ಎಂದರೆ ಕಲ್ಲು ಎತ್ತಿ ನೋಡಿದರೆ ಇದ್ದ ಹಾಗೇ ಇಡುವುದು, ಮತ್ತು ಜೀವ ಇರುವ ಶಂಖವನ್ನು ಮನೆಗೆ ತರದಿರುವುದು. ತಂದರೆ ಎರಡೇ ದಿನಕ್ಕೆ ಬ್ಯಾಗಿನಲ್ಲಿ ನಾತ ಹೊಡೆಯುತ್ತದೆ ಅಂತ ಮಕ್ಕಳಿಗೆ ಹೇಳಿ, ಉಪದೇಶಕ್ಕಿಂತ ಇದು ಬೇಗ ತಲೆಗೆ ಹೋಗುತ್ತದೆ. ಐಸ್‌ಕ್ರೀಮ್ ಕೋನಿನ ಆಕಾರದ ಶಂಖವನ್ನಂತೂ ಕೈಯಲ್ಲಿ ಹಿಡಿಯಲೇಬಾರದು. ಕೆಲವು ಜಾತಿಗಳಿಗೆ ವಿಷದ ಕೊಂಡಿ ಇದೆ.

ಕಾಲಿಗೆ ಹಿಂದೆ ಪಟ್ಟಿ ಇರುವ ಗಟ್ಟಿ ಚಪ್ಪಲಿ ಅಥವಾ ಹಳೇ ಬೂಟು ಹಾಕಿಸಿ. ಬಂಡೆಗೆ ಬಿಳಿ ಬಿಳಿಯಾಗಿ ಅಂಟಿಕೊಂಡಿರುವ ಚೂಪು ಚಿಪ್ಪುಗಳು ಬ್ಲೇಡಿನಂತೆ ಕೊಯ್ಯುತ್ತವೆ. ಹವಾಯಿ ಚಪ್ಪಲಿ ಪಾಚಿಯ ಮೇಲೆ ಜಾರುತ್ತದೆ.

ಅಲೆಯ ವಿಷಯಕ್ಕೆ ಬರೋಣ, ಇಲ್ಲಿ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಜನ ಇಲ್ಲದ ಬೀಚ್ ಎಂದರೆ ಲೈಫ್‌ಗಾರ್ಡ್ ಕೂಡ ಇಲ್ಲದ ಬೀಚ್. ನೀವು ಕೇಳಿದ ಶಾಂತಿಯ ಇನ್ನೊಂದು ಮುಖ ಅದು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅದು ಸದಾ ಜನ ಇರುವ ಬೀಚ್. ವನ್ನಳ್ಳಿ, ಕಡ್ಲೆಯಂಥ ಕಡೆ ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿಯಬೇಡಿ. ಈಜು ಬಂದರೂ ಬೇಡ. ಕೆರೆ, ಬಾವಿಯ ಈಜು ಬೇರೆ.

ಅಲೆಗಳು ದಡಕ್ಕೆ ತಂದ ನೀರು ಎಲ್ಲಾದರೂ ಒಂದು ಕಡೆಯಿಂದ ವಾಪಸ್ ಹೋಗಲೇಬೇಕಲ್ವಾ? ಅದು ಹೋಗುವ ದಾರಿಯಲ್ಲಿ ಸೆಳೆತ ಇರುತ್ತದೆ. ಮೋಸ ಏನೆಂದರೆ ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ, ನೀರು ಶಾಂತವಾಗಿ, ಸ್ವಲ್ಪ ಕಪ್ಪಗೆ ಕಾಣುತ್ತದೆ. ಎರಡೂ ಪಕ್ಕ ನೊರೆ, ನಡುವೆ ಒಂದು ಸುಮ್ಮನಿರುವ ಪಟ್ಟಿ. 'ಇಲ್ಲಿ ಅಲೆ ಕಡಿಮೆ, ಮಕ್ಕಳಿಗೆ ಸರಿ' ಅಂತ ಅಲ್ಲೇ ಇಳಿಸುತ್ತಾರೆ. ಬಂಡೆಯ ಗುಡ್ಡದ ಪಕ್ಕದಲ್ಲಂತೂ ಇಂಥ ಸೆಳೆತ ಸಾಮಾನ್ಯ. ಅಕಸ್ಮಾತ್ ಸಿಕ್ಕಿಬಿದ್ದರೆ ದಡಕ್ಕೆ ನೇರವಾಗಿ ಈಜಿ ಸುಸ್ತಾಗಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಹೋಗಿ ಸೆಳೆತದಿಂದ ಹೊರಬಂದು, ಆಮೇಲೆ ಅಲೆಯ ಜೊತೆ ದಡಕ್ಕೆ ಬರಬೇಕು. ಸುಸ್ತಾದರೆ ಮೇಲುಮುಖವಾಗಿ ತೇಲುತ್ತಾ ಕೈ ಎತ್ತಿ ಕೂಗಬೇಕು.

ಬಂಡೆಯ ಮೇಲೆ ನಿಲ್ಲುವುದಕ್ಕೂ ಒಂದು ಲೆಕ್ಕ ಇದೆ. ಒಮ್ಮೆ ಅಲ್ಲಿ ಗಾಳ ಹಾಕುತ್ತಿದ್ದ ಅಜ್ಜನೊಬ್ಬರು ನಾನು ಕ್ಯಾಮೆರಾ ಹಿಡಿದು ಅಂಚಿಗೆ ಹೋಗುವುದನ್ನು ನೋಡಿ, 'ತಮಾ, ಒದ್ದೆ ಕಲ್ಲ ಮೇಲೆ ನಿಲ್ಬೇಡ, ನೀರು ಬಂದು ಹೋದ ಜಾಗ ಅದು' ಅಂದರು. ಅಷ್ಟೇ ಮಾತು, ಮತ್ತೆ ತಮ್ಮ ಗಾಳದ ಕಡೆ ತಿರುಗಿದರು. ಅಲೆಗಳು ಒಂದೇ ಅಳತೆಯಲ್ಲಿ ಬರುವುದಿಲ್ಲ. ಹತ್ತಾರು ಸಣ್ಣವು ಬಂದ ಮೇಲೆ ಎರಡು ಮೂರು ದೊಡ್ಡವು ಒಟ್ಟಿಗೆ ಬರುತ್ತವೆ. ಹೋದ ತಕ್ಷಣ ಬಂಡೆಗೆ ಇಳಿಯದೆ ಕಾಲು ಗಂಟೆ ದೂರ ಕುಳಿತು ನೋಡಿ, ದೊಡ್ಡ ಅಲೆ ಎಲ್ಲಿವರೆಗೆ ಬರುತ್ತದೆ ಅಂತ ಗೊತ್ತಾಗುತ್ತದೆ. ಬುತ್ತಿ ಬಿಚ್ಚಲು ಅದೇ ಸರಿಯಾದ ಹೊತ್ತು.

ಸರ್ಫಿಂಗ್ ಬೇಕೆಂದರೆ ಬಂಡೆ ಇಲ್ಲದ, ಕೆಳಗೆ ಬರೀ ಮರಳಿರುವ ಜಾಗಕ್ಕೆ ಹೋಗಬೇಕು. ಕಲಿಯುವವರು ಹಲಗೆಯಿಂದ ಬೀಳುವುದೇ ಜಾಸ್ತಿ, ಬಂಡೆಯ ಮೇಲೆ ಬಿದ್ದರೆ ಕಥೆ ಮುಗಿಯಿತು. ಗೋಕರ್ಣದಲ್ಲಿ ಕಲಿಸುವವರಿದ್ದಾರೆ, ಒಂದು ಬೆಳಿಗ್ಗೆ ಅಲ್ಲಿಗೆ ಹೋಗಿಬನ್ನಿ. ಮನಸ್ಸಿಟ್ಟು ಕಲಿಯುವುದಾದರೆ ದಕ್ಷಿಣಕ್ಕೆ ಮುಲ್ಕಿ, ಸಸಿಹಿತ್ಲು ಕಡೆ ಹೋಗಬೇಕು. ರಾಜ್ಯದಲ್ಲಿ ಈ ಆಟ ಬೇರು ಬಿಟ್ಟದ್ದು ಅಲ್ಲೇ, ರಾಷ್ಟ್ರಮಟ್ಟದ ಸ್ಪರ್ಧೆಗಳೂ ಸಸಿಹಿತ್ಲುವಿನಲ್ಲಿ ನಡೆದಿವೆ. ಮಳೆಗಾಲ ಕಳೆದ ಮೇಲೆ ಅಲೆ ಸಣ್ಣದಾಗಿ, ಸಾಲಾಗಿ ಬರುತ್ತದೆ, ಹೊಸಬರಿಗೆ ಅದು ಒಳ್ಳೆಯದು.

ದಾರಿ ಸುಲಭ. ಗದಗದಿಂದ ಹುಬ್ಬಳ್ಳಿಗೆ 60 ಕಿಲೋಮೀಟರ್ ಹತ್ತಿರ. ಅಲ್ಲಿಂದ ಕಲಘಟಗಿ, ಯಲ್ಲಾಪುರ, ಅರಬೈಲು ಘಟ್ಟ ಇಳಿದು ಅಂಕೋಲಾ ಕಡೆ, ಹೆದ್ದಾರಿ 66 ಹಿಡಿದು ಎಡಕ್ಕೆ ಕುಮಟಾ. ಹುಬ್ಬಳ್ಳಿಯಿಂದ ಒಟ್ಟು 165-170 ಕಿಲೋಮೀಟರ್ ಆಗಬಹುದು, ಕಾರಿನಲ್ಲಿ ನಾಲ್ಕು ತಾಸು ಇಟ್ಟುಕೊಳ್ಳಿ. ಬೆಳಿಗ್ಗೆ ಐದಕ್ಕೆ ಗದಗ ಬಿಟ್ಟರೆ ಯಲ್ಲಾಪುರದಲ್ಲಿ ನಾಷ್ಟಾ. ಅರಬೈಲಿನಲ್ಲಿ ಲಾರಿಗಳು ಜಾಸ್ತಿ, ಹಿಂದೆ ಬೇಲೆಕೇರಿ ಬಂದರಿಗೆ ಅದಿರು ಹೋಗುತ್ತಿದ್ದ ಕಾಲದಲ್ಲಿ ಇನ್ನೂ ಜಾಸ್ತಿ ಇದ್ದವು. ಮಕ್ಕಳಿಗೆ ತಿರುವಿನಲ್ಲಿ ವಾಂತಿ ಬರುವ ಅಭ್ಯಾಸ ಇದ್ದರೆ ನಾಷ್ಟಾ ಹಗುರವಾಗಿರಲಿ. ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗದ ಸುದ್ದಿಯನ್ನು ನಾವು ಎಷ್ಟು ವರ್ಷದಿಂದ ಓದುತ್ತಿದ್ದೇವೆ ಅಂತ ನಿಮಗೂ ಗೊತ್ತು, ಅದಕ್ಕೆ ಕಾಯಬೇಡಿ. ವಾಯವ್ಯ ಸಾರಿಗೆ ಬಸ್ಸುಗಳಿವೆ. ಕುಮಟಾ ಪೇಟೆಯಿಂದ ವನ್ನಳ್ಳಿ ದೂರವಿಲ್ಲ, ಆಟೋ ಸಾಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ. ಸಮುದ್ರ ಅಷ್ಟು ಒರಟಾಗಿರುತ್ತದೆ, ಘಟ್ಟದಲ್ಲಿ ಗುಡ್ಡ ಕುಸಿಯುವ ಭಯ ಬೇರೆ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರ ಶಿರೂರಿನಲ್ಲಿ ಇದೇ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದದ್ದು ನೆನಪಿರಬೇಕು. ನವೆಂಬರ್‌ನಿಂದ ಫೆಬ್ರವರಿ ಚೆನ್ನ, ಆದರೆ ಡಿಸೆಂಬರ್ ಕೊನೆಯ ವಾರ ಬಿಡಿ. ಶನಿವಾರ-ರವಿವಾರ ಬಿಟ್ಟು ಮಂಗಳವಾರ, ಬುಧವಾರ ರಜೆ ಹಾಕಲು ಆದರೆ ಬೆಳಿಗ್ಗೆ ಹೊತ್ತು ಇಡೀ ದಂಡೆಯಲ್ಲಿ ನೀವು ಮತ್ತು ಬಲೆ ಎಳೆಯುವವರು ಮಾತ್ರ ಇರುತ್ತೀರಿ.

ಏಪ್ರಿಲ್-ಮೇನಲ್ಲೇ ಹೋಗುವುದಾದರೆ ಬಿಸಿಲಿಗೆ ಬಂಡೆ ಕಾದು ಹೆಂಚಾಗಿರುತ್ತದೆ, ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ. ಆಗ ಒಂದು ಲಾಭ ಇದೆ. ಕುಮಟಾ ಸುತ್ತ ಹೆದ್ದಾರಿ ಪಕ್ಕದಲ್ಲಿ ಸಿಹಿ ಉಳ್ಳಾಗಡ್ಡಿಯನ್ನು ಜಡೆ ಹೆಣೆದು ನೇತುಹಾಕಿ ಮಾರುತ್ತಿರುತ್ತಾರೆ. ಗದಗಿನವರಿಗೆ ಉಳ್ಳಾಗಡ್ಡಿ ತೋರಿಸುವುದೇನು ಅನ್ನಬೇಡಿ, ಇದರ ರುಚಿ ಬೇರೆ, ಹಸಿಯಾಗಿ ರೊಟ್ಟಿ ಜೊತೆ ಕಚ್ಚಿದರೂ ಕಣ್ಣಲ್ಲಿ ನೀರು ಬರುವುದಿಲ್ಲ. ಮೀನು ತಿನ್ನುವವರಾದರೆ ಪೇಟೆಯ ಸಣ್ಣ ಖಾನಾವಳಿಯಲ್ಲಿ ಬಂಗಡೆ ಊಟ ಕೇಳಿ. ಬೀಚಿನ ಪಕ್ಕ ದೊಡ್ಡ ಹೋಟೆಲ್ ಹುಡುಕಬೇಡಿ. ನೀರು, ಬುತ್ತಿ, ಮಕ್ಕಳಿಗೆ ಒಂದು ಜೊತೆ ಬಟ್ಟೆ ನಿಮ್ಮ ಜೊತೆಯೇ ಇರಲಿ.

ಒಂದೇ ದಿನದಲ್ಲಿ ಹೋಗಿಬರುವ ಆಸೆ ಬೇಡ. ಗದಗದಿಂದ ಹೋಗಿಬರಲು 450 ಕಿಲೋಮೀಟರ್ ದಾಟುತ್ತದೆ, ಕತ್ತಲಲ್ಲಿ ಘಟ್ಟ ಹತ್ತಬೇಕಾಗುತ್ತದೆ. ಒಂದು ರಾತ್ರಿ ಕುಮಟಾದಲ್ಲಿ ಉಳಿಯಿರಿ. ನೀವು ಹೋಗುವ ತಾರೀಖು ಕಮೆಂಟಿನಲ್ಲಿ ಹಾಕಿದರೆ ಆ ದಿನ ಇಳಿತ ಎಷ್ಟು ಹೊತ್ತಿಗೆ ಅಂತ ನೋಡಿ ಹೇಳುತ್ತೇನೆ.