ಒಂದು ಕೆರೆ, ಎರಡು ದೇಶ

ಪ್ರಶ್ನೆ: ಮಗಳು ಟೊರೊಂಟೊದಲ್ಲಿದಾಳೆ, ಒಂಟಾರಿಯೋ ಸರೋವರದ ಆಚೆ ದಡ ಅಮೆರಿಕ ಅಂತಾಳೆ. ಎರಡು ದೇಶ ಒಂದೇ ನೀರು ಕುಡಿದ್ರೆ ಜಗಳ ಆಗಲ್ವಾ ಸಾರ್?
– ಓದುಗರೊಬ್ಬರು, ಹಾವೇರಿ

ಉತ್ತರ: ಜಗಳ ಬರುತ್ತೆ ಅಂತ ಗೊತ್ತಿದ್ದೇ 1909ರಲ್ಲಿ ಒಪ್ಪಂದ ಮಾಡ್ಕೊಂಡ್ರು, ಮಜಾ ಅಂದ್ರೆ ಆಗ ಕೆನಡಾ ಪರವಾಗಿ ಸೈನ್ ಹಾಕಿದ್ದು ಬ್ರಿಟನ್! ಈ ಕಡೆಯವರು ಆ ಕಡೆಯವರ ಆರೋಗ್ಯ, ಆಸ್ತಿ ಹಾಳಾಗೋ ಹಾಗೆ ನೀರು ಕೆಡಿಸಬಾರದು ಅಂತ ಅದರಲ್ಲೇ ಬರೆದಿದಾರೆ. ನೋಡ್ಕೊಳ್ಳೋಕೆ ಒಂದು ಜಂಟಿ ಆಯೋಗ, ಅಲ್ಲಿಂದ ಮೂರು ಜನ ಇಲ್ಲಿಂದ ಮೂರು ಜನ, ಜನ ಜಾಸ್ತಿ ಇರೋ ದೇಶ ಅಂತ ಅಮೆರಿಕಕ್ಕೆ ಒಂದು ಸೀಟೂ ಜಾಸ್ತಿ ಇಲ್ಲ.

ಆದ್ರೆ ಕಾಗದದಲ್ಲಿದ್ರೆ ಸಾಕಾ? 1960ರ ದಶಕದಲ್ಲಿ, ಒಂಟಾರಿಯೋ ಥರಾನೇ ಎರಡೂ ದೇಶದ ಗಡೀಲಿರೋ ಈರಿ ಸರೋವರ ಪಾಚಿ ಕಟ್ಟಿ 'ಸತ್ತೇ ಹೋಯ್ತು' ಅನ್ನಿಸ್ಕೊಳ್ತು, ಕಾರಣ ಡಿಟರ್ಜೆಂಟು ಮತ್ತೆ ಚರಂಡಿ ನೀರಿನ ಫಾಸ್ಫರಸ್ಸು. 1972ರಲ್ಲಿ ಅಮೆರಿಕ ಅಧ್ಯಕ್ಷ ನಿಕ್ಸನ್, ಕೆನಡಾ ಪ್ರಧಾನಿ ಪಿಯರ್ ಟ್ರುಡೋ ಇಬ್ಬರೂ ನೀರಿನ ಗುಣಮಟ್ಟದ ಒಪ್ಪಂದಕ್ಕೆ ಸೈನ್ ಹಾಕಿದ್ರು, ಸೋಪಿನ ಪುಡೀಲಿ ಫಾಸ್ಫೇಟ್ ಇಳೀತು, ಚರಂಡಿ ನೀರು ಶುದ್ಧೀಕರಣಕ್ಕೆ ದುಡ್ಡು ಸುರಿದ್ರು, ಕೆರೆ ನಿಜವಾಗ್ಲೂ ಚೇತರಿಸ್ಕೊಳ್ತು.

ಆಮೇಲೆ ಪಾಚಿ ವಾಪಸ್ ಬಂತು ನೋಡಿ. 2014ರ ಆಗಸ್ಟಲ್ಲಿ ಈರಿ ದಡದಲ್ಲಿರೋ ಅಮೆರಿಕದ ಟೊಲೆಡೊ ಊರಲ್ಲಿ 4 ಲಕ್ಷ ಜನಕ್ಕೆ ನಲ್ಲಿ ನೀರು ಕುಡೀಬೇಡಿ ಅಂದ್ರು, ಅದರಲ್ಲಿ ಪಾಚಿಯ ವಿಷ ಸೇರಿತ್ತು, ಕುದಿಸಿದ್ರೂ ಆ ವಿಷ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ. ಈ ಸಲ ಮುಖ್ಯ ಕಾರಣ ಈರಿಗೆ ಸೇರೋ ಮಾಮೀ ನದಿ ಹೊತ್ಕೊಂಡು ಬರೋ ಹೊಲದ ಗೊಬ್ಬರ. ಫಾಸ್ಫರಸ್ ಶೇ. 40 ಇಳಿಸ್ತೀವಿ ಅಂತ 2016ರಲ್ಲಿ ಎರಡೂ ಸರ್ಕಾರ ಒಪ್ಪಿವೆ, ಆದ್ರೆ ಫ್ಯಾಕ್ಟರಿ ಪೈಪಾದ್ರೆ ಬೆರಳು ತೋರಿಸ್ಬಹುದು, ಸಾವಿರಾರು ರೈತರ ಹೊಲಕ್ಕೆ ಯಾರನ್ನ ಹಿಡೀತೀರಿ?